ಮೇಷ್ಟ್ರ ಮಕ್ಕಳೇ, ಮುಂದಿನ ಪಾಠ ನಿಮ್ಮದು

ಪ್ರತಿ ವರ್ಷ ಡಿಸೆಂಬರ್ 29 ಬಂತೆಂದರೆ ನಮ್ಮ ಶಾಲೆ ಕಾಲೇಜುಗಳಲ್ಲಿ ಕುವೆಂಪು ಅವರ ಪಟಕ್ಕೆ ಹಾರ ಬೀಳುತ್ತದೆ. ವಿದ್ಯಾರ್ಥಿನಿಯರು ನಾಡಗೀತೆ ಹಾಡುತ್ತಾರೆ, ಅಧ್ಯಾಪಕರೊಬ್ಬರು ವಿಶ್ವಮಾನವ ಸಂದೇಶದ ಬಗ್ಗೆ ಮಾತಾಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಶಾಮಿಯಾನ ಬಿಚ್ಚಿ ಆಗಿರುತ್ತದೆ. ಹಾರ ಹಾಕುವುದು ತಪ್ಪಲ್ಲ, ಹಾಕಲೇಬೇಕು. ಆದರೆ ಆ ಪಟದಲ್ಲಿರುವವರು ರಾಷ್ಟ್ರಕವಿ ಆಗುವುದಕ್ಕೂ ಎಷ್ಟೋ ಮೊದಲು, ಜ್ಞಾನಪೀಠ ಬರುವುದಕ್ಕೂ ಮೊದಲು, ದಿನಾ ತರಗತಿಗೆ ಹೋಗಿ ಪಾಠ ಹೇಳಿದ ಒಬ್ಬ ಮೇಷ್ಟ್ರು. ಮನೆಗೆ ಬಂದರೆ ನಾಲ್ಕು ಮಕ್ಕಳ ತಂದೆ. ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ಮಲೆನಾಡಿನ ರೂಢಿಯಂತೆ ‘ಅಣ್ಣ’ ಎಂದು. ಆ ಮೇಷ್ಟ್ರನ್ನೂ ಆ ಅಣ್ಣನನ್ನೂ ನೆನೆಯುತ್ತಾ, ಹದಿನೆಂಟು ಇಪ್ಪತ್ತರ ಪ್ರಾಯದ ನಿಮಗೆ ಒಂದು ಮಾತು ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಹುಡುಗನನ್ನು ನೋಡಿ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಎಂಬ ಕಾಡಿನ ನಡುವಿನ ಊರು. ಶಾಲೆ ದೂರ, ಮಳೆ ಹಿಡಿದರೆ ತಿಂಗಳುಗಟ್ಟಲೆ ಹೊರಪ್ರಪಂಚ ಇನ್ನೂ ದೂರ. ದಕ್ಷಿಣ ಕನ್ನಡದ ಕಡೆಯಿಂದ ಬಂದ ಐಗಳು ಮನೆಯ ಉಪ್ಪರಿಗೆಯಲ್ಲೇ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ ಕಾಲ. ಮುಂದೆ ಕುವೆಂಪು ಆದ ಪುಟ್ಟಪ್ಪನಿಗೆ ಹನ್ನೆರಡು ವರ್ಷ ಆಗುವಷ್ಟರಲ್ಲಿ ತಂದೆ ವೆಂಕಟಪ್ಪಗೌಡರು ತೀರಿಕೊಂಡರು. ಗದ್ದೆ ತೋಟದ ಮನೆ, ದೊಡ್ಡ ಕುಟುಂಬ. ಆ ಹುಡುಗ ಅಲ್ಲೇ ಉಳಿದು ಬೇಸಾಯಕ್ಕೆ ಇಳಿದಿದ್ದರೆ ಯಾರೂ ಅದನ್ನು ವಿಶೇಷವೆಂದು ಭಾವಿಸುತ್ತಿರಲಿಲ್ಲ. ತೀರ್ಥಹಳ್ಳಿಯ ಶಾಲೆ ಮುಗಿಸಿ ಅವನು ಮೈಸೂರಿನ ವೆಸ್ಲಿಯನ್ ಹೈಸ್ಕೂಲಿಗೆ ಹೊರಟ.

ತಂದೆ ಇಲ್ಲದ ಆ ಹುಡುಗನನ್ನು ಮೈಸೂರು ಕೈಬಿಡಲಿಲ್ಲ. ಕೈಹಿಡಿದವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಮೇಷ್ಟ್ರುಗಳೇ. ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಆಶ್ರಮದಲ್ಲೇ ಜಾಗ ಕೊಟ್ಟರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ ಇಂಗ್ಲಿಷ್ ಕವಿತೆಗಳನ್ನು ಓದಿ, ನಿನ್ನ ಭಾಷೆಯಲ್ಲಿ ಬರೆಯಬಾರದೇಕೆ ಎಂದು ಕೇಳಿದರು. ಹತ್ತೊಂಬತ್ತರ ಹುಡುಗ, ಇಂಗ್ಲಿಷ್ ಪದ್ಯಗಳ ಪುಸ್ತಕವನ್ನೇ ಆಗಲೇ ಅಚ್ಚು ಹಾಕಿಸಿದ್ದವನು. ಮೆಚ್ಚುಗೆ ಸಿಗಬಹುದೆಂದು ಹೋದ ಕಡೆ ಇಂಥ ಮಾತು ಕೇಳಿದರೆ ಯಾರಿಗಾದರೂ ಮುಖ ಬಾಡುತ್ತದೆ. ಆದರೂ ಅವನು ಆ ಮಾತನ್ನು ಗಂಟು ಹಾಕಿಕೊಂಡ. ಅದರ ಫಲವನ್ನು ನಾವೆಲ್ಲ ನೂರು ವರ್ಷದಿಂದ ಉಣ್ಣುತ್ತಿದ್ದೇವೆ. ನಿಮಗಿಂತ ಒಂದೆರಡು ವರ್ಷಕ್ಕಷ್ಟೇ ಹಿರಿಯನೋ ಕಿರಿಯನೋ ಆಗಿದ್ದ ಒಬ್ಬ ವಿದ್ಯಾರ್ಥಿ ಒಂದು ಸಂಜೆ ಮಾಡಿದ ತೀರ್ಮಾನ ಅದು ಎಂಬುದನ್ನು ಮರೆಯಬೇಡಿ. ಆ ವಯಸ್ಸಿನ ತೀರ್ಮಾನಗಳು ಸಣ್ಣವಲ್ಲ.

ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿದಾಗ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಆಗಷ್ಟೇ ಶುರುವಾಗಿತ್ತು. ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಕನ್ನಡ ನಾಡಿನ ಆ ವಿಶ್ವವಿದ್ಯಾನಿಲಯದಲ್ಲಿ ಕನ್ನಡಕ್ಕೆ ಎಂ.ಎ. ಬರಲು ಒಂದು ದಶಕಕ್ಕಿಂತ ಹೆಚ್ಚು ಬೇಕಾಯಿತು. ಆ ಮೊದಲ ತಂಡದಲ್ಲಿ ಓದಿ, 1929ರಲ್ಲಿ ಪುಟ್ಟಪ್ಪ ಅದೇ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. ನಡುವೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮತ್ತೆ ಮೈಸೂರು, 1955ರಲ್ಲಿ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲ್, 1956ರಿಂದ 1960ರವರೆಗೆ ಕುಲಪತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಓದಿ ಅದರ ಕುಲಪತಿಯಾದ ಮೊದಲಿಗರು ಅವರು. ಮಲೆನಾಡಿನ ಒಕ್ಕಲುತನದ ಮನೆಯಿಂದ ಹೊರಟ, ತಂದೆಯಿಲ್ಲದ ಹುಡುಗ ಕ್ರಾಫರ್ಡ್ ಹಾಲಿನ ಕುಲಪತಿಯ ಕೋಣೆಗೆ ಬಂದು ಕೂತದ್ದು ನಿವೃತ್ತಿಗೆ ಮುಂಚಿನ ಗೌರವಕ್ಕಾಗಿ ಅಲ್ಲ. ಕುಕ್ಕರಹಳ್ಳಿ ಕೆರೆಯ ಪಕ್ಕದ ಜಾಗದಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆಂದೇ ಹೊಸ ಆವರಣ ಕಟ್ಟಿಸಿದರು, ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಪದವಿಯ ಪಾಠ ಕನ್ನಡದಲ್ಲೂ ನಡೆಯಲೇಬೇಕು ಎಂದು ಪಟ್ಟು ಹಿಡಿದರು. ಪಾಠ ಹೇಳುವುದು, ಸಂಶೋಧನೆ ಮಾಡುವುದು ಎಷ್ಟು ಮುಖ್ಯವೋ, ಸಿಕ್ಕ ತಿಳಿವಳಿಕೆಯನ್ನು ಕಾಲೇಜಿನ ಮೆಟ್ಟಿಲು ಹತ್ತದವನ ಮನೆಗೆ ಮುಟ್ಟಿಸುವುದೂ ವಿಶ್ವವಿದ್ಯಾನಿಲಯಕ್ಕೆ ಅಷ್ಟೇ ಮುಖ್ಯ ಎಂಬುದು ಅವರ ನಿಲುವು.

ಈ ಮೂರನೆಯ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಆ ಕಾಲದ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಪ್ರಚಾರೋಪನ್ಯಾಸಗಳಿಗೆಂದು ಊರೂರಿಗೆ ಹೋಗುತ್ತಿದ್ದರು. ಭೌತಶಾಸ್ತ್ರದ ಮೇಷ್ಟ್ರು, ಇತಿಹಾಸದ ಮೇಷ್ಟ್ರು ಸಣ್ಣ ಊರಿನ ಸಭೆಯಲ್ಲಿ ನಿಂತು, ಎದುರಿಗೆ ಕೂತ ರೈತನಿಗೂ ಅಂಗಡಿಯವನಿಗೂ ತಿಳಿಯುವ ಕನ್ನಡದಲ್ಲಿ ತಮ್ಮ ವಿಷಯ ಹೇಳಬೇಕು. ಆ ಉಪನ್ಯಾಸವೇ ಆಮೇಲೆ ಅಗ್ಗದ ಬೆಲೆಯ ತೆಳ್ಳನೆಯ ಪುಸ್ತಕವಾಗಿ ಹೊರಬರುತ್ತಿತ್ತು. ಹಳೆಯ ಪುಸ್ತಕದಂಗಡಿಗಳಲ್ಲಿ ಅವು ಈಗಲೂ ಒಮ್ಮೊಮ್ಮೆ ಕೈಗೆ ಸಿಗುತ್ತವೆ. ತಿರುವಿ ನೋಡಿ, ಆ ಮೇಷ್ಟ್ರುಗಳು ಪಟ್ಟ ಶ್ರಮ ಗೊತ್ತಾಗುತ್ತದೆ. ಶಬ್ದ ಇಲ್ಲದ ಕಡೆ ಶಬ್ದ ಹುಡುಕಿದ್ದಾರೆ, ಸಿಗದಿದ್ದರೆ ಕಟ್ಟಿದ್ದಾರೆ, ಕಟ್ಟಿದ್ದು ಬಾಯಿಗೆ ಹೊಂದದಿದ್ದರೆ ಬಿಟ್ಟಿದ್ದಾರೆ. ಯಾವ ಬಡ್ತಿಗೂ ಲೆಕ್ಕಕ್ಕೆ ಬಾರದ ಕೆಲಸ ಅದು. ಕುವೆಂಪು ಬೆಳೆದದ್ದು ಇಂಥ ಹಿರಿಯರ ನಡುವೆ. ಅಧಿಕಾರ ಕೈಗೆ ಬಂದಾಗ ಅವರು ಬೆಂಬಲಿಸಿದ್ದೂ ಈ ಕೆಲಸವನ್ನೇ.

ಕುಪ್ಪಳಿಗೆ ಹೋದವರು ಮನೆಯ ಹಿಂದಿನ ಗುಡ್ಡ ಹತ್ತಿ ಕವಿಶೈಲವನ್ನು ನೋಡಿಯೇ ಬರುತ್ತಾರೆ. ಅಲ್ಲಿ ಒಂದು ಬಂಡೆಯ ಮೇಲೆ ಕೆಲವು ಹೆಸರುಗಳನ್ನು ಕೊರೆದಿದೆ. ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು, ಮತ್ತೆ ಪೂಚಂತೇ. ಮೊಬೈಲಿನಲ್ಲಿ ಫೋಟೋ ತೆಗೆದು ಮುಂದೆ ಹೋಗುವ ಮುನ್ನ ಆ ಹೆಸರುಗಳನ್ನು ಒಂದಾದಮೇಲೊಂದು ಓದಿ. ಮೊದಲಿಬ್ಬರು ಮಹಾರಾಜಾ ಕಾಲೇಜಿನ ಮೇಷ್ಟ್ರುಗಳು. ಮೂರನೆಯವರು ಅವರ ಶಿಷ್ಯ, ಮುಂದೆ ತಾವೂ ಮೇಷ್ಟ್ರಾದವರು. ನಾಲ್ಕನೆಯವನು ಆ ಶಿಷ್ಯನ ಮಗ, ಪೂರ್ಣಚಂದ್ರ ತೇಜಸ್ವಿ. ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ಎಂದು ನಾವು ಬೇರೆ ಬೇರೆಯಾಗಿ ಹೇಳುವ ಎರಡು ವಂಶಗಳು ಅಲ್ಲಿ ಒಂದೇ ಕಲ್ಲಿನ ಮೇಲಿವೆ.

ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಆಗ ಶಿಷ್ಯ ‘ಶ್ರೀರಾಮಾಯಣ ದರ್ಶನಂ’ ಬರೆಯುವುದರಲ್ಲಿದ್ದರು. 1936ರಲ್ಲಿ ಹಿಡಿದ ಕಾವ್ಯ ಮುಗಿದದ್ದು 1946ರಲ್ಲಿ. ಆ ಹತ್ತು ವರ್ಷವೂ ಪಾಠ ಇತ್ತು, ಪರೀಕ್ಷೆಯ ಉತ್ತರಪತ್ರಿಕೆಗಳಿದ್ದವು, ಮನೆಯಲ್ಲಿ ಒಂದಾದ ಮೇಲೊಂದು ಕೂಸು ಬೆಳೆಯುತ್ತಿತ್ತು. ಬರೆಯಲು ಪುರಸೊತ್ತಿಲ್ಲ ಎನ್ನುವ ನಮ್ಮೆಲ್ಲರ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಇಪ್ಪತ್ತೆರಡು ಸಾವಿರ ಸಾಲಿನ ಆಸುಪಾಸಿನ ಆ ಮಹಾಕಾವ್ಯವನ್ನು ಅವರು ಅರ್ಪಿಸಿದ್ದು ರಾಜರಿಗಲ್ಲ, ಮಂತ್ರಿಗಳಿಗಲ್ಲ. ಕಾವ್ಯದ ಬಾಗಿಲಲ್ಲೇ, ತೀರಿಹೋದ ಆ ಕನ್ನಡ ಮೇಷ್ಟ್ರಿಗೆ ಅದನ್ನು ಒಪ್ಪಿಸುವ ಪದ್ಯವಿದೆ. ಹನ್ನೆರಡರಲ್ಲಿ ತಂದೆಯನ್ನು ಕಳೆದುಕೊಂಡವನು ನಡು ವಯಸ್ಸಿನಲ್ಲಿ ಗುರುವಿನ ಮುಂದೆ ಮಗನಂತೆ ನಿಂತು, ಇಗೋ ಹೇಳಿದ ಕೆಲಸ ಮುಗಿಸಿ ಬಂದೆ ಎಂದು ವರದಿ ಒಪ್ಪಿಸುವ ಹಾಗಿದೆ ಅದು. ಕನ್ನಡದಲ್ಲಿ ಒಬ್ಬ ಅಧ್ಯಾಪಕರಿಗೆ ಸಂದ ಇದಕ್ಕಿಂತ ದೊಡ್ಡ ಗೌರವ ನನಗೆ ಗೊತ್ತಿಲ್ಲ.

ಹೀಗೆ ಪಡೆದವರು ಮಕ್ಕಳಿಗೆ ಏನು ಕೊಟ್ಟರು? ಇಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಬರುತ್ತದೆ. ಮಗ ತೇಜಸ್ವಿ ‘ಅಣ್ಣನ ನೆನಪು’ ಬರೆದರು, ಮಗಳು ತಾರಿಣಿ ‘ಮಗಳು ಕಂಡ ಕುವೆಂಪು’ ಬರೆದರು. ತೇಜಸ್ವಿಯವರ ಪುಸ್ತಕ ಓದಿಲ್ಲದಿದ್ದರೆ ಈ ವಾರವೇ ಲೈಬ್ರರಿಯಿಂದ ತಂದು ಓದಿ. ದೊಡ್ಡವರ ಮಗ ಬರೆದ ಹೊಗಳಿಕೆಯ ಪುಸ್ತಕ ಎಂದುಕೊಂಡು ಹೋದವರಿಗೆ ಅಲ್ಲಿ ಸಿಗುವುದು ತುಂಟತನ, ಗೆಳೆಯರು, ಕ್ಯಾಮೆರಾ, ಸಂಗೀತ, ವಾದ ವಿವಾದ. ಅಣ್ಣ ಆ ಗದ್ದಲದ ನಡುವೆ ಇದ್ದಾರೆ, ಆದರೆ ಮಗನ ದಾರಿಗೆ ಅಡ್ಡ ನಿಂತಿಲ್ಲ. ಕುಲಪತಿಯ ಮಗ, ಕನ್ನಡ ಎಂ.ಎ. ಮಾಡಿದವನು. ನಮ್ಮ ನಿಮ್ಮ ಮನೆಯಾಗಿದ್ದರೆ ನಾಳೆಯೇ ಕಾಲೇಜಿನ ಕೆಲಸಕ್ಕೆ ಅರ್ಜಿ ಹಾಕು ಎನ್ನುತ್ತಿದ್ದೆವು. ತೇಜಸ್ವಿ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದರು. 1966ರಲ್ಲಿ ಮಗ ಮದುವೆಯಾದಾಗ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯವೆಂಬ ಸರಳ ಮದುವೆಯಲ್ಲಿ ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಬೋಧನೆಯಲ್ಲಿ ಹೇಳಿದ್ದನ್ನು ಮನೆಯ ಅಂಗಳದಲ್ಲೇ ನಡೆಸಿ ತೋರಿಸಿದ ತಂದೆ. ಇವತ್ತಿಗೂ ಎಷ್ಟೋ ಜೋಡಿಗಳು ಸಾಲ ಮಾಡದೆ ಹಾಗೆಯೇ ಮದುವೆಯಾಗುತ್ತಾರೆ.

ಬರವಣಿಗೆಯಲ್ಲೂ ಮಗ ತಂದೆಯ ದಾರಿ ಹಿಡಿಯಲಿಲ್ಲ. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಹೊಸ ದಿಕ್ಕು ಬೇಕೆಂದು ನೇರವಾಗಿ ಹೇಳಿದರು. ತಮ್ಮನ್ನು ರೂಪಿಸಿದವರನ್ನು ಎಣಿಸುವಾಗ ಸಮಾಜವಾದಿ ನಾಯಕ ಲೋಹಿಯಾ ಮತ್ತು ಕಾದಂಬರಿಕಾರ ಕಾರಂತರ ಜೊತೆಗೆ ಕುವೆಂಪು ಅವರನ್ನೂ ಸೇರಿಸಿದರು, ಮಗನೆಂಬ ಸಲಿಗೆಯಿಂದಲ್ಲ, ಓದುಗನ ಋಣದಿಂದ. ತಂದೆಯಾಗಿ ಕುವೆಂಪು ಗೆದ್ದದ್ದು ಇಲ್ಲಿ ಎಂದು ನಾನು ನಂಬುತ್ತೇನೆ. ತಮ್ಮ ತದ್ರೂಪಿನ ಮಗನನ್ನು ಅವರು ಬೆಳೆಸಲಿಲ್ಲ, ತಾನೇ ಯೋಚಿಸುವ ಮಗನನ್ನು ಬೆಳೆಸಿದರು. ನಿರಂಕುಶಮತಿಗಳಾಗಿ ಎಂದು ಸಭೆಯಲ್ಲಿ ಯುವಕರಿಗೆ ಕರೆ ಕೊಡುವುದು ಒಂದು. ಮನೆಯಲ್ಲಿ ಮಗ ನಿಜವಾಗಿಯೂ ನಿರಂಕುಶಮತಿಯಾದಾಗ ಒಪ್ಪಿಕೊಳ್ಳುವುದು ಇನ್ನೊಂದು. ಎರಡನೆಯದು ಬಹಳ ಕಷ್ಟ.

ಹಾಗೆಂದು ಮಗ ತಂದೆಯ ಕೆಲಸ ಬಿಟ್ಟುಬಿಟ್ಟರೇ? ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಓದಿದವರಿಗೆ ಗೊತ್ತು. ಅಲ್ಲಿ ಊರಿನವರೆಲ್ಲ ಪೋಲಿ ಎಂದು ತಳ್ಳಿದ ಜೇನು ಹಿಡಿಯುವ ಮಂದಣ್ಣನಿದ್ದಾನೆ. ಅವನೊಳಗೆ ಹುಟ್ಟು ಜೀವವಿಜ್ಞಾನಿ ಇದ್ದಾನೆ ಎಂದು ಗುರುತಿಸುವವರು ಕರ್ವಾಲೊ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟಾಗ ಆ ದೊಡ್ಡ ವಿಜ್ಞಾನಿ ಈ ಹಳ್ಳಿಯ ಹುಡುಗನ ಕಣ್ಣನ್ನು ನಂಬಿ ನಡೆಯುತ್ತಾರೆ. ನನಗೆ ಆ ಪ್ರೊಫೆಸರರಲ್ಲಿ ಮಹಾರಾಜಾ ಕಾಲೇಜಿನ ಆ ಮೇಷ್ಟ್ರುಗಳ ಮುಖ ಕಾಣುತ್ತದೆ. ಕುಪ್ಪಳಿಯಿಂದ ಬಂದ ಹುಡುಗನಲ್ಲಿ ಏನಿದೆ ಎಂದು ಅವರು ಕಂಡದ್ದು ಇದೇ ಬಗೆಯ ಕಣ್ಣಿನಿಂದ. ತೇಜಸ್ವಿ ಆಮೇಲೆ ಹಕ್ಕಿಗಳ ಬಗ್ಗೆ, ವಿಕಾಸದ ಬಗ್ಗೆ, ಬಾಹ್ಯಾಕಾಶದ ಬಗ್ಗೆ, ಮಹಾಯುದ್ಧಗಳ ಬಗ್ಗೆ ಬರೆದರು, ಕಂಪ್ಯೂಟರಿನಲ್ಲಿ ಕನ್ನಡ ನೆಟ್ಟಗೆ ನಿಲ್ಲಬೇಕೆಂದು ತಲೆ ಕೆಡಿಸಿಕೊಂಡರು. ಕಾಫಿ ತೋಟದಲ್ಲಿ ಕೂತು ಅವರು ನಡೆಸಿದ್ದು ತಂದೆ ಕುಲಪತಿಯ ಕುರ್ಚಿಯಲ್ಲಿ ಕೂತು ಬಯಸಿದ್ದ ಅದೇ ಕೆಲಸ: ಲೋಕದ ತಿಳಿವಳಿಕೆಯನ್ನು ಕನ್ನಡದ ಹುಡುಗರ ಕೈಗೆ ಕೊಡುವುದು. ನೌಕರಿ ಬೇರೆಯಾಯಿತು, ಕಸುಬು ಬದಲಾಗಲಿಲ್ಲ.

ಈಗ ನಿಮ್ಮ ಕಡೆಗೆ ಬರುತ್ತೇನೆ. ನಾನು ಪದವಿ ಕಾಲೇಜಿನಲ್ಲಿ ಜೀವವಿಜ್ಞಾನ ಪಾಠ ಹೇಳುವ ಮೇಷ್ಟ್ರು. ಪ್ರತಿ ಜೂನ್ ಜುಲೈನಲ್ಲಿ ಮೊದಲ ವರ್ಷದ ಬೆಂಚುಗಳಲ್ಲಿ ಹೊಸ ಮುಖಗಳು ಬಂದು ಕೂರುತ್ತವೆ. ಅವರಲ್ಲಿ ಹತ್ತನೆಯವರೆಗೆ ಕನ್ನಡದಲ್ಲೇ ಓದಿ, ಒಳ್ಳೆಯ ಅಂಕ ತೆಗೆದು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರು ಬಹಳ. ಒಮ್ಮೆ ಆಸ್ಮಾಸಿಸ್ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳನ್ನು ಎಬ್ಬಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದೆ. ತಲೆ ತಗ್ಗಿಸಿ ನಿಂತಳು. ಪಕ್ಕದವರು ನಕ್ಕರು. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಭಿಸರಣೆ ಅಲ್ವಾ ಸರ್, ಅಜ್ಜಿ ಉಪ್ಪಿನಕಾಯಿ ಹಾಕೋವಾಗ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿ ಇಟ್ರೆ ಎರಡು ದಿನಕ್ಕೆ ನೀರು ಬಿಟ್ಟುಕೊಂಡು ಕಾಯಿ ಸುಕ್ಕಾಗುತ್ತೆ, ನೀರು ಒಳಗಿಂದ ಹೊರಗೆ ಬರೋದು ಹೊರಗೆ ಉಪ್ಪು ಜಾಸ್ತಿ ಇರೋದ್ರಿಂದ, ಎಂದಳು. ಕೇಳಿದರೆ ಕೋಶಪೊರೆಯ ಚಿತ್ರವನ್ನೂ ಬರೆದಳು. ತರಗತಿ ಸುಮ್ಮನಾಯಿತು. ಆ ಪಾಠವನ್ನು ಅವಳಿಗಿಂತ ಚೆನ್ನಾಗಿ ತಿಳಿದವರು ಆ ಕೋಣೆಯಲ್ಲಿ ಇರಲಿಲ್ಲ.

ಅಂಥ ಮಕ್ಕಳು ಎಷ್ಟು ಜನ ತಲೆ ತಗ್ಗಿಸಿಕೊಂಡೇ ಕಾಲೇಜಿನಿಂದ ಹೊರಗೆ ನಡೆದುಹೋಗಿದ್ದಾರೆ! ಅವರಿಗೆ ಬುದ್ಧಿ ಇಲ್ಲದೆ ಅಲ್ಲ, ಶ್ರಮ ಇಲ್ಲದೆ ಅಲ್ಲ. ಅವರ ಕೈಗೆ ಸಿಗುವಂಥ ಪುಸ್ತಕ ಇರಲಿಲ್ಲ, ಪಕ್ಕದಲ್ಲಿ ಕೂತು ಬಿಡಿಸಿ ಹೇಳುವ ಅಕ್ಕ ಅಣ್ಣ ಇರಲಿಲ್ಲ. ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಕುವೆಂಪು ಇಂಗ್ಲಿಷನ್ನು ಆಳವಾಗಿ ಓದಿಕೊಂಡವರು, ಅದರಲ್ಲೇ ಕವಿತೆ ಶುರು ಮಾಡಿದವರು. ಇಂಗ್ಲಿಷನ್ನು ಗಟ್ಟಿಯಾಗಿ ಕಲಿಯಿರಿ. ಆ ಬಾಗಿಲಿನಿಂದ ಒಳಗೆ ಹೋದಮೇಲೆ ಸಿಕ್ಕಿದ್ದನ್ನು ಕಟ್ಟಿಕೊಂಡು ಮನೆಗೆ ತನ್ನಿ. ಒಳಗೆ ಹೋದವರೆಲ್ಲ ಬಾಗಿಲು ಹಾಕಿಕೊಂಡರೆ ಮುಂದಿನ ಪುಟ್ಟಪ್ಪ, ಮುಂದಿನ ಮಂದಣ್ಣ ಹೊರಗೇ ನಿಂತಿರುತ್ತಾರೆ.

ಆದ್ದರಿಂದ ಕೇಳುತ್ತಿದ್ದೇನೆ, ಮೇಷ್ಟ್ರಾಗಿ. ನಿಮ್ಮಲ್ಲಿ ಒಬ್ಬಿಬ್ಬರಾದರೂ, ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದವರು, ಸಾಫ್ಟ್‌ವೇರ್ ಕಂಪನಿ ಕೈಬೀಸಿ ಕರೆಯುವಂಥವರು, ಈ ಕೆಲಸಕ್ಕೆ ಬನ್ನಿ. ಅತಿಥಿ ಉಪನ್ಯಾಸಕರ ಸಂಬಳ, ಖಾಲಿ ಬಿದ್ದ ಹುದ್ದೆಗಳು, ವರ್ಷ ವರ್ಷವೂ ಮುಂದಕ್ಕೆ ಹೋಗುವ ನೇಮಕಾತಿ, ಇವೆಲ್ಲ ನನಗೂ ಗೊತ್ತು. ಅವುಗಳ ವಿರುದ್ಧ ಹೋರಾಡಬೇಕು, ಅದರಲ್ಲಿ ನಾನೂ ನಿಮ್ಮ ಜೊತೆಗಿರುತ್ತೇನೆ. ಆದರೆ ಅವೆಲ್ಲ ಸರಿಹೋದ ಮೇಲೆ ಬರುತ್ತೇವೆ ಎಂದರೆ ಈ ವರ್ಷದ ಮೊದಲ ಬೆಂಚಿನವರಿಗೆ, ಕೊನೆಯ ಬೆಂಚಿನವರಿಗೆ ಯಾರು ಪಾಠ ಹೇಳಬೇಕು? ವೆಂಕಣ್ಣಯ್ಯನವರು, ಕುವೆಂಪು, ಅವರ ಶಿಷ್ಯ ಜಿ.ಎಸ್. ಶಿವರುದ್ರಪ್ಪ, ಇವರೆಲ್ಲ ಮನಸ್ಸು ಮಾಡಿದ್ದರೆ ಬೇರೆ ದಾರಿ ಹಿಡಿಯಬಹುದಿತ್ತು. ಒಬ್ಬರಾದ ಮೇಲೊಬ್ಬರು ಸೀಮೆಸುಣ್ಣ ಹಿಡಿದರು. ಮೊದಲಿನವರ ತರಗತಿಯಲ್ಲಿ ಕೂತಿದ್ದವರು ರಾಷ್ಟ್ರಕವಿಯಾದರು, ಅವರ ತರಗತಿಯಲ್ಲಿ ಕೂತಿದ್ದವರೂ ರಾಷ್ಟ್ರಕವಿಯಾದರು. ಒಂದು ಕಾಲೇಜಿನ ಕೊಠಡಿಗಳಲ್ಲಿ ನಡೆದ ಕಥೆ ಇದು. ನಿಮ್ಮ ತಾಲ್ಲೂಕಿನ ಕಾಲೇಜಿನಲ್ಲಿ ಯಾಕೆ ನಡೆಯಬಾರದು?

ಮೇಷ್ಟ್ರಾಗಲಾರಿರಿ, ಸರಿ. ಡಾಕ್ಟರಾಗಿ, ಎಂಜಿನಿಯರಾಗಿ, ತೋಟ ಮಾಡಿ, ಅಂಗಡಿ ಇಡಿ. ತೇಜಸ್ವಿ ಮೇಷ್ಟ್ರಾಗಲಿಲ್ಲ, ಆದರೂ ಕನ್ನಡದ ಎಷ್ಟೋ ಹುಡುಗರು ಮೊದಲ ಬಾರಿಗೆ ವಿಜ್ಞಾನದ ರುಚಿ ಕಂಡದ್ದು ಅವರ ಪುಸ್ತಕಗಳಿಂದ. ನೀವು ಓದುವ ವಿಷಯ ಯಾವುದೇ ಇರಲಿ, ಅದರಲ್ಲಿ ಒಂದನ್ನಾದರೂ ಕನ್ನಡದಲ್ಲಿ ಬಿಡಿಸಿ ಬರೆಯಿರಿ. ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ವಿಷಯದ ಪುಟ ತೆರೆದು ನೋಡಿ. ಎಷ್ಟೋ ಕಡೆ ನಾಲ್ಕು ಸಾಲು ಬರೆದು ನಿಲ್ಲಿಸಿದ್ದಾರೆ, ಐದನೆಯ ಸಾಲು ನಿಮ್ಮದಾಗಲಿ. ಊರಿನ ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ಭಾನುವಾರ ಒಂದು ಗಂಟೆ ಕೂತು ಎಂಟು, ಒಂಬತ್ತನೆಯ ತರಗತಿಯವರಿಗೆ ಗಣಿತ ಹೇಳಿಕೊಡಿ. ಶಬ್ದ ಸಿಗದಿದ್ದರೆ ಹೆದರಬೇಡಿ. ಆಕ್ಸಿಜನ್ ಅನ್ನಿ, ಆಮ್ಲಜನಕ ಅನ್ನಿ, ಎದುರಿಗಿರುವವರಿಗೆ ತಿಳಿದರೆ ಆಯಿತು. ತಪ್ಪಿದರೆ ಯಾರಾದರೂ ತಿದ್ದುತ್ತಾರೆ. ಆ ಹಳೆಯ ಮೇಷ್ಟ್ರುಗಳು ತಪ್ಪುತ್ತಾ ತಿದ್ದಿಕೊಳ್ಳುತ್ತಲೇ ನಮಗೆ ಇಷ್ಟು ಕೊಟ್ಟರು.

ಇನ್ನೂ ಒಂದು ಮಾತು. ನಿಮ್ಮಲ್ಲಿ ಕೆಲವರ ಅಪ್ಪ ಅಮ್ಮಂದಿರೂ ಮೇಷ್ಟ್ರುಗಳೇ ಇರಬಹುದು. ಹಳ್ಳಿಯ ಪ್ರಾಥಮಿಕ ಶಾಲೆಯಲ್ಲೋ, ವಿಶ್ವವಿದ್ಯಾನಿಲಯದಲ್ಲೋ ಜೀವಮಾನವೆಲ್ಲ ಪಾಠ ಹೇಳಿ, ರಾತ್ರಿ ಕೂತು ಉತ್ತರಪತ್ರಿಕೆ ತಿದ್ದಿದವರು. ಅವರ ಹಳೆಯ ಟಿಪ್ಪಣಿಗಳು, ಪಾಠದ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಮಾತುಗಳು, ಶಿಷ್ಯರು ಬರೆದ ಕಾಗದಗಳು ಅಟ್ಟದ ಮೇಲಿರಬಹುದು. ಅವನ್ನು ರದ್ದಿಗೆ ಹಾಕಬೇಡಿ. ಅವರು ಇನ್ನೂ ನಿಮ್ಮ ಜೊತೆಗಿದ್ದರೆ ಪಕ್ಕದಲ್ಲಿ ಕೂತು, ನೀವು ಮೊದಲ ಪಾಠ ಹೇಗೆ ಮಾಡಿದಿರಿ, ಯಾವ ವಿದ್ಯಾರ್ಥಿ ನೆನಪಿದ್ದಾನೆ, ಯಾವ ಪಾಠ ಹೇಳಲು ಕಷ್ಟವಾಯಿತು ಎಂದು ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತೀರಿಕೊಂಡಿದ್ದರೆ ಅವರ ಶಿಷ್ಯರನ್ನು ಹುಡುಕಿ. ತೇಜಸ್ವಿ ಬರೆದದ್ದರಿಂದ ನಮಗೆ ಅಣ್ಣ ಸಿಕ್ಕರು. ಬರೆಯದೆ ಹೋದ ಎಷ್ಟು ಮನೆಗಳ ಅಣ್ಣಂದಿರು ನಮಗೆ ಸಿಕ್ಕಿಲ್ಲ!

ಈ ಭಾನುವಾರ ನಿಮ್ಮ ವಿಷಯದಲ್ಲಿ ನಿಮಗೆ ತೀರಾ ಇಷ್ಟವಾದ ಒಂದು ಪಾಠ ಆರಿಸಿಕೊಳ್ಳಿ. ಮನೆಯಲ್ಲೋ ಬೀದಿಯಲ್ಲೋ ಒಬ್ಬ ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು, ಪುಸ್ತಕ ಮುಚ್ಚಿಟ್ಟು, ಕನ್ನಡದಲ್ಲಿ ಹೇಳಿ. ಎಲ್ಲಿ ತಡವರಿಸಿದಿರೋ ಅಲ್ಲಿ ನಿಮಗೇ ಪಾಠ ಸರಿಯಾಗಿ ತಿಳಿದಿಲ್ಲ ಎಂದು ಗುರುತು ಹಾಕಿಕೊಳ್ಳಿ. ಆ ಮಗು ಒಂದು ಪ್ರಶ್ನೆ ಕೇಳುತ್ತದೆ, ಅದು ನಿಮ್ಮ ಪರೀಕ್ಷೆಯಲ್ಲಿ ಬರುವಂಥ ಪ್ರಶ್ನೆ ಆಗಿರುವುದಿಲ್ಲ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸೋಮವಾರ ನಿಮ್ಮ ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋಗಿ.